ಬೆಟಗೇರಿಯ ಪಡಸಾಲೆಗೆ 55 ಇಂಚೋ, 65 ಇಂಚೋ?

ಪ್ರಶ್ನೆ: ನಾನು ಗದಗ-ಬೆಟಗೇರಿಯಲ್ಲಿ ಶಾಲಾ ಶಿಕ್ಷಕಿ. ನಮ್ಮದು ಹಳೇ ಮನೆ. ಪಡಸಾಲೆ 11 ಅಡಿ ಅಗಲ, 18 ಅಡಿ ಉದ್ದ. ಮುಂಬಾಗಿಲು ದಿನವಿಡೀ ತೆರೆದೇ ಇರುತ್ತದೆ. ಈಗಿರುವುದು 32 ಇಂಚಿನ ಟಿವಿ. ಅತ್ತೆಯವರಿಗೆ ಕಣ್ಣಿನ ಪೊರೆ ಆಪರೇಷನ್ ಆಗಿದೆ. ಸೀರಿಯಲ್‌ನಲ್ಲಿ ಮುಖಗಳು ಸರಿಯಾಗಿ ಕಾಣಲ್ಲ ಅಂತಾರೆ. ಅವರು ಬದಿಯಲ್ಲಿ ಹೊರಸಿನ ಮೇಲೆ ಕೂತು ನೋಡುತ್ತಾರೆ. ಮಗನಿಗೆ ಕ್ರಿಕೆಟ್ ಬೇಕು, ನಮಗಿಬ್ಬರಿಗೆ ರಾತ್ರಿ ಒಂದು ಸಿನಿಮಾ. ಕೇಬಲ್ ಇದೆ, 40 ಎಂಬಿಪಿಎಸ್ ಇಂಟರ್ನೆಟ್ ಇದೆ. ಬಜೆಟ್ 45 ಸಾವಿರ. ನಾವು ಹೆಸರೇ ಕೇಳಿರದ ಕಂಪನಿಯ 65 ಇಂಚಿನ ಕ್ಯೂಎಲ್‌ಇಡಿ 44 ಸಾವಿರಕ್ಕೆ ಸಿಗುತ್ತದೆ. ಗೊತ್ತಿರುವ ಕಂಪನಿಯ 55 ಇಂಚಿನದು 39 ಸಾವಿರ. ಯಾವುದು ತಗೊಳ್ಳಲಿ?

ಉತ್ತರ: ಅಕ್ಕೋರೆ, 55 ಇಂಚಿನದನ್ನೇ ತಗೊಳ್ಳಿ. ಉಳಿಯುವ 6 ಸಾವಿರವನ್ನು ಬೇರೆ ಕಡೆ ಖರ್ಚು ಮಾಡಬೇಡಿ. ಅದಕ್ಕೂ ಇದರಲ್ಲೇ ಕೆಲಸ ಇದೆ, ಮುಂದೆ ಹೇಳುತ್ತೇನೆ.

ಹುಬ್ಬಳ್ಳಿಯಲ್ಲಿ ಟಿವಿ ರಿಪೇರಿ ಮಾಡುತ್ತಾ, ಗೋಡೆಗೆ ಕೂರಿಸುತ್ತಾ ನನಗೆ ಇಪ್ಪತ್ತು ವರ್ಷ ದಾಟಿತು. ಜನ ಟಿವಿಯ ಡಬ್ಬಿ ಮೇಲಿನ ಅಕ್ಷರಗಳನ್ನು ತುಂಬಾ ಓದುತ್ತಾರೆ. ತಮ್ಮ ಪಡಸಾಲೆಯನ್ನು ಅಳೆಯುವುದಿಲ್ಲ, ಟಿವಿಯ ಹಿಂದೆ ಚುಚ್ಚಿರುವ ವೈರ್ ಯಾವುದು ಅಂತ ನೋಡುವುದಿಲ್ಲ. ಆದರೆ ಚಿತ್ರ ಚೆನ್ನಾಗಿ ಬರುವುದೂ ಕೆಡುವುದೂ ಹೆಚ್ಚಾಗಿ ಅಲ್ಲೇ.

ಮೊದಲು ಅಳತೆ. ಪಡಸಾಲೆ 11 ಅಡಿ ಅಗಲ. ಸೋಫಾವನ್ನು ಗೋಡೆಗೆ ಆನಿಸಿದರೂ ತಲೆ ಒಂದೂವರೆ, ಎರಡು ಅಡಿ ಮುಂದೆ ಬರುತ್ತದೆ. ಅಂದರೆ ಕಣ್ಣಿಗೂ ಪರದೆಗೂ ಸುಮಾರು 9 ಅಡಿ. ಸಿನಿಮಾ ನೋಡುವವರಿಗೆ ಒಂದು ಲೆಕ್ಕ ಇದೆ: ಟಿವಿಯ ಇಂಚನ್ನು 1.6ರಿಂದ ಗುಣಿಸಿ, ಅಷ್ಟು ಇಂಚು ದೂರ ಕೂತರೆ ಚಿತ್ರ ಕಣ್ತುಂಬ ಕಾಣುತ್ತದೆ. 55ಕ್ಕೆ ಅದು 88 ಇಂಚು, ಅಂದರೆ ಏಳು ಅಡಿ ನಾಲ್ಕು ಇಂಚು. 65ಕ್ಕೆ 104 ಇಂಚು, ಎಂಟು ಅಡಿ ಎಂಟು ಇಂಚು. ಈ ಲೆಕ್ಕ ಒಂದನ್ನೇ ಹಿಡಿದರೆ ನಿಮ್ಮ ಮನೆಗೆ 65 ಹೊಂದುತ್ತದೆ. ಅಂಗಡಿಯವರು 65 ಹೊಂದುತ್ತದೆ ಅಂದಿದ್ದರೆ ಅದು ಸುಳ್ಳಲ್ಲ. ನಿಮ್ಮ ಬಜೆಟ್ 65, 70 ಸಾವಿರ ಇದ್ದಿದ್ದರೆ ನಾನೂ ಒಳ್ಳೆ ಕಂಪನಿಯ 65 ಅಂತಲೇ ಬರೆಯುತ್ತಿದ್ದೆ. 45 ಸಾವಿರದೊಳಗೆ 65 ಇಂಚು ಕೊಡಬೇಕು ಅಂದರೆ ತಯಾರಿಸುವವರು ಎಲ್ಲೋ ಒಂದು ಕಡೆ ಹಣ ಉಳಿಸಲೇಬೇಕು. ಹಿಂದಿನ ಬೆಳಕಿನ ಪಟ್ಟಿಯಲ್ಲೋ, ಪವರ್ ಬೋರ್ಡಿನಲ್ಲೋ, ಸರ್ವೀಸಿನಲ್ಲೋ ಉಳಿಸುತ್ತಾರೆ.

55 ಚಿಕ್ಕದಾಯಿತು ಅಂತಲೂ ಅನ್ನಿಸುವುದಿಲ್ಲ. 32ರಿಂದ 55ಕ್ಕೆ ಹೋದರೆ ಪರದೆಯ ವಿಸ್ತಾರ ಹತ್ತಿರ ಹತ್ತಿರ ಮೂರು ಪಟ್ಟಾಗುತ್ತದೆ. ಇಂಚು ಅಳೆಯುವುದು ಮೂಲೆಯಿಂದ ಮೂಲೆಗೆ, ಹಾಗಾಗಿ ಸಂಖ್ಯೆಯಲ್ಲಿ ಅದು ಗೊತ್ತಾಗುವುದಿಲ್ಲ. ಇಂದು ಸಂಜೆಯೇ ಹಳೇ ಪೇಪರ್ ಹಾಳೆಗಳನ್ನು ಅಂಟಿಸಿ, 48 ಇಂಚು ಅಗಲ, 27 ಇಂಚು ಎತ್ತರದ ಒಂದು ಚೌಕಟ್ಟು ಮಾಡಿ ಗೋಡೆಗೆ ಹಚ್ಚಿ. ಅದು 55. ಅದರ ಸುತ್ತ ಗೋಡೆಯ ಮೇಲೆ 57 ಇಂಚು ಅಗಲ, 32 ಇಂಚು ಎತ್ತರದ ಗುರುತು ಹಾಕಿದರೆ 65. ಎರಡು ದಿನ ಹಾಗೇ ಬಿಡಿ. ಮನೆಯವರೆಲ್ಲ ತಾವು ಕೂರುವ ಜಾಗದಲ್ಲೇ ಕೂತು ನೋಡಲಿ.

ಅತ್ತೆಯವರ ವಿಷಯದಲ್ಲಿ ಟಿವಿಗಿಂತ ಮುಂಚೆ ಎರಡು ಮಾತು. ಆಪರೇಷನ್ ಆದ ಮೇಲೆ ದೂರದ ಕನ್ನಡಕದ ನಂಬರ್ ತೆಗೆಸಿದ್ದೀರಾ? ಇಲ್ಲದಿದ್ದರೆ ಕಣ್ಣಿನ ಡಾಕ್ಟರ ಹತ್ತಿರ ಒಮ್ಮೆ ಹೋಗಿಬನ್ನಿ. ಇನ್ನೊಂದು, ಅವರ ಹೊರಸನ್ನು ಪರದೆಯಿಂದ ಆರು ಅಡಿಗೆ ಎಳೆಯಿರಿ. 55 ಇಂಚಿನ ಟಿವಿಯನ್ನು ಆರು ಅಡಿಯಿಂದ ನೋಡಿದರೆ ಕಣ್ಣಿಗೆ ಏನೂ ಆಗುವುದಿಲ್ಲ. ಹತ್ತಿರ ಕೂತರೆ ಕಣ್ಣು ಹಾಳಾಗುತ್ತದೆ ಅನ್ನುವ ಹೆದರಿಕೆ ಹಳೇ ಡಬ್ಬಿ ಟಿವಿಯ ಕಾಲದಿಂದ ಬಂದದ್ದು.

ಈಗ ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಶಬ್ದಕ್ಕೆ ಬರುತ್ತೇನೆ: ಕೇಬಲ್. ನಿಮ್ಮ ಕೇಬಲ್ ಬಾಕ್ಸ್ ಎಚ್‌ಡಿಯೋ ಅಲ್ಲವೋ ನೀವು ಬರೆದಿಲ್ಲ. ಹಳೇ ಬಾಕ್ಸ್ ಆಗಿದ್ದರೆ ಅದು ಕಳಿಸುವ ಚಿತ್ರದಲ್ಲಿ ಹೆಚ್ಚೆಂದರೆ 720 ಅಡ್ಡಚುಕ್ಕಿ, 576 ಸಾಲು ಇರುತ್ತವೆ. ಒಟ್ಟು ನಾಲ್ಕು ಲಕ್ಷ ಚಿಲ್ಲರೆ. 4ಕೆ ಟಿವಿಯಲ್ಲಿ, ಅಂದರೆ ಈ ಅಳತೆಯ ಟಿವಿಗಳಲ್ಲಿ ಸಾಮಾನ್ಯವಾಗಿ ಬರುವ ಪರದೆಯಲ್ಲಿ, ಚುಕ್ಕಿಗಳು ಸುಮಾರು 83 ಲಕ್ಷ. ಅಂದರೆ ಬಂದ ಒಂದು ಚುಕ್ಕಿಯನ್ನು ಟಿವಿ ಹಿಗ್ಗಿಸಿ ಇಪ್ಪತ್ತು ಚುಕ್ಕಿ ಮಾಡಬೇಕು. ಹಿಟ್ಟಿಗೆ ಇಪ್ಪತ್ತು ಪಟ್ಟು ನೀರು ಹಾಕಿದ ಹಾಗೆ. 32 ಇಂಚಿನಲ್ಲಿ ಈ ಕೊರತೆ ಮುಚ್ಚಿಹೋಗುತ್ತದೆ, ದೊಡ್ಡ ಪರದೆಯಲ್ಲಿ ಎದ್ದು ಕಾಣುತ್ತದೆ. 65ರಲ್ಲಿ ಇನ್ನೂ ಜಾಸ್ತಿ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿಯೊಬ್ಬರು 65 ಇಂಚಿನ ಟಿವಿ ತಂದು ಹದಿನೈದು ದಿನಕ್ಕೆ ನನಗೆ ಫೋನ್ ಮಾಡಿದ್ದರು. ಪ್ಯಾನೆಲ್ ಖರಾಬ್ ಇದೆ, ಎಲ್ಲ ಕಲಸಿದ ಹಾಗೆ ಕಾಣುತ್ತದೆ ಅಂತ. ಹೋಗಿ ಹಿಂದೆ ಕೈ ಹಾಕಿದೆ. ಕೆಂಪು, ಬಿಳಿ, ಹಳದಿ ಪಿನ್ನಿನ ಹಳೇ ಎವಿ ವೈರ್ ಸಿಕ್ಕಿತು. ಹಳೇ ಟಿವಿಯಿಂದ ಕಿತ್ತು ಇದಕ್ಕೆ ಚುಚ್ಚಿದ್ದರು. ಬಾಕ್ಸೂ ಹಳೇದೇ. ಕೇಬಲ್ ಹುಡುಗನನ್ನು ಕರೆಸಿ ಎಚ್‌ಡಿ ಬಾಕ್ಸ್ ಹಾಕಿಸಿದೆವು, ಎಚ್‌ಡಿ ಚಿತ್ರ ಒಯ್ಯುವ ಎಚ್‌ಡಿಎಂಐ ವೈರ್ ಚುಚ್ಚಿದೆವು. ಮಧ್ಯಾಹ್ನದ ಸೀರಿಯಲ್ ನಡೆದಿತ್ತು. ಒಳಗಿಂದ ಬಂದ ಅಜ್ಜಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ನಿಂತವರು, ‘ಈಗ ಆಕೀ ಸೀರಿ ತೆನಿ ಕಾಣಾಕತ್ತೇತಿ ನೋಡು ತಮ್ಮಾ’ ಅಂದರು. ಇಳಕಲ್ ಸೀರೆಯ ಸೆರಗಿನಲ್ಲಿರುವ ಟೋಪ ತೆನಿಯ ಹಲ್ಲುಗಳು ಒಂದೊಂದಾಗಿ ಕಾಣುತ್ತಿದ್ದವು. ಟಿವಿ ಅದೇ, ಗೋಡೆ ಅದೇ. ಒಳಗೆ ಬರುವ ಚಿತ್ರ ಮಾತ್ರ ಬದಲಾಗಿತ್ತು.

ನಿಮ್ಮ 6 ಸಾವಿರದಲ್ಲಿ ಮೊದಲ ಪಾಲು ಇದಕ್ಕೆ: ಎಚ್‌ಡಿ ಬಾಕ್ಸ್ ಮತ್ತು ಒಂದು ಎಚ್‌ಡಿಎಂಐ ವೈರ್. ಅತ್ತೆಯವರು ನೋಡುವ ನಾಲ್ಕಾರು ಕನ್ನಡ ಚಾನೆಲ್‌ಗಳನ್ನಾದರೂ ಎಚ್‌ಡಿಯಲ್ಲಿ ಹಾಕಿಸಿ. ಇಡೀ ಪ್ಯಾಕ್ ಬೇಕಾಗಿಲ್ಲ. ವೈರ್‌ಗೂ ಜಾಸ್ತಿ ಹಣ ಕೊಡಬೇಡಿ. ಆರು ಅಡಿಯ ಸಾದಾ ವೈರ್ ಸಾಕು, ಚಿನ್ನದ ಲೇಪನದ್ದು ತಂದರೆ ಚಿತ್ರ ಹೆಚ್ಚು ಚೆಂದ ಆಗುವುದಿಲ್ಲ.

ಇಂಟರ್ನೆಟ್‌ನಿಂದ ನೋಡುವುದಕ್ಕೆ ನಿಮ್ಮ 40 ಎಂಬಿಪಿಎಸ್ ಬೇಕಾದಷ್ಟಾಯಿತು. ನೆಟ್‌ಫ್ಲಿಕ್ಸ್ 4ಕೆ ಚಿತ್ರಕ್ಕೆ 15 ಎಂಬಿಪಿಎಸ್ ಕೇಳುತ್ತದೆ. ಆದರೆ ಹಳೇ ಮನೆಯ ದಪ್ಪ ಗೋಡೆ ವೈಫೈಯನ್ನು ನುಂಗುತ್ತದೆ. ರೂಟರ್ ಒಳಕೋಣೆಯಲ್ಲಿದ್ದರೆ ಪಡಸಾಲೆಗೆ ತನ್ನಿ, ಇಲ್ಲವೇ ಲ್ಯಾನ್ ವೈರ್ ಎಳೆಯಿರಿ.

ಇನ್ನು ಪರದೆಯ ಜಾತಿ. ಅಂಗಡಿಯಲ್ಲಿ ಕ್ಯೂಎಲ್‌ಇಡಿ ಅಂದಾಗ ಅದೇನೋ ಬೇರೆಯೇ ಯಂತ್ರ ಅನ್ನಿಸುತ್ತದೆ, ಅಲ್ವಾ? ಅದು ಸಾದಾ ಎಲ್‌ಇಡಿ ಟಿವಿಯೇ. ಹಿಂದಿನ ಬೆಳಕಿಗೂ ಪರದೆಗೂ ನಡುವೆ ಕ್ವಾಂಟಮ್ ಡಾಟ್ ಅನ್ನುವ ಒಂದು ತೆಳು ಹಾಳೆ ಇರುತ್ತದೆ, ಅದರಿಂದ ಕೆಂಪು-ಹಸಿರು ಗಾಢವಾಗುತ್ತವೆ. ಒಳ್ಳೆಯದೇ. ಆದರೆ ಹಿಂದಿನ ಬೆಳಕು ಕಳಪೆ ಇದ್ದರೆ ಆ ಹಾಳೆಯೂ ಏನೂ ಮಾಡಲಾರದು. ತನ್ನ ಚುಕ್ಕಿಗಳನ್ನು ತಾನೇ ಬೆಳಗಿಸಿಕೊಳ್ಳುವುದು ಓಎಲ್‌ಇಡಿ, ಅದು ನಿಮ್ಮ ಬಜೆಟ್ಟಿನಲ್ಲಿ ಬರುವುದಿಲ್ಲ. ಎಚ್‌ಡಿಆರ್ ಅಂದರೆ ಬೆಳಕು-ಕತ್ತಲೆಯ ಅಂತರ ಹೆಚ್ಚಿರುವ ಚಿತ್ರ. ಡಬ್ಬಿ ಮೇಲೆ ಹಾಗೆ ಬರೆದಿದ್ದರೆ ಆ ಟಿವಿ ಅಂಥ ಚಿತ್ರವನ್ನು ಓದಬಲ್ಲದು ಅಂತಷ್ಟೇ ಅರ್ಥ. ಅದನ್ನು ಸರಿಯಾಗಿ ತೋರಿಸಲು ಬೇಕಾದ ಬೆಳಕು ಕಡಿಮೆ ಬೆಲೆಯ ಟಿವಿಗಳಲ್ಲಿ ಇರುವುದಿಲ್ಲ. 120 ಹರ್ಟ್ಸ್ ಅಂದರೆ ಪರದೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸುತ್ತದೆ ಅಂತ. ಮಗ ವಿಡಿಯೋ ಗೇಮ್ ಆಡುವುದಾದರೆ ಅದರ ಬಗ್ಗೆ ಯೋಚಿಸಿ. ಕ್ರಿಕೆಟ್‌ಗೆ 60 ಸಾಕು.

ನಿಮ್ಮ ಮನೆಗೆ ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಬದಿಯಿಂದ ಹೇಗೆ ಕಾಣುತ್ತದೆ ಅನ್ನುವುದು. ಅತ್ತೆಯವರು ಕೂರುವುದೇ ಬದಿಯಲ್ಲಿ. ಎಲ್‌ಇಡಿ ಟಿವಿಗಳಲ್ಲಿ ಎರಡು ಬಗೆಯ ಪ್ಯಾನೆಲ್ ಬರುತ್ತವೆ. ವಿಎ ಅನ್ನುವುದರಲ್ಲಿ ಕಪ್ಪು ಚೆನ್ನಾಗಿರುತ್ತದೆ, ಕತ್ತಲಲ್ಲಿ ಸಿನಿಮಾ ನೋಡಲು ಸೊಗಸು. ಆದರೆ ಬದಿಗೆ ಸರಿದ ಹಾಗೆ ಬಣ್ಣ ಬಿಳಚಿಕೊಳ್ಳುತ್ತದೆ. ಐಪಿಎಸ್ ಅನ್ನುವುದರಲ್ಲಿ ಕಪ್ಪು ಸ್ವಲ್ಪ ಬೂದಿ ಬಣ್ಣಕ್ಕೆ ತಿರುಗುತ್ತದೆ, ಆದರೆ ಬದಿಯಿಂದಲೂ ಮುಖ ಮುಖದಂತೆಯೇ ಕಾಣುತ್ತದೆ. ಹಗಲೆಲ್ಲ ಬಾಗಿಲು ತೆರೆದಿರುವ, ಮಂದಿ ಅಲ್ಲಲ್ಲಿ ಕೂರುವ ನಿಮ್ಮ ಪಡಸಾಲೆಗೆ ನಾನು ಐಪಿಎಸ್ ಕಡೆಗೇ ವಾಲುತ್ತೇನೆ. ರಾತ್ರಿಯ ಸಿನಿಮಾದಲ್ಲಿ ಅದರಿಂದ ಸ್ವಲ್ಪ ನಷ್ಟ ಇದೆ. ಆದರೆ ಮನೆಯಲ್ಲಿ ಅತಿ ಹೆಚ್ಚು ಹೊತ್ತು ಟಿವಿ ನೋಡುವವರು ಯಾರು ಅಂತ ಯೋಚಿಸಿ.

ಯಾವ ಪ್ಯಾನೆಲ್ ಅಂತ ಡಬ್ಬಿಯ ಮೇಲೆ ಬಹಳ ಸಲ ಬರೆದಿರುವುದಿಲ್ಲ. ಅಂಗಡಿಯಲ್ಲೇ ನೋಡಿ ತಿಳಿಯಬೇಕು. ಒಂದು ಪೆನ್‌ಡ್ರೈವ್‌ನಲ್ಲಿ ನಿಮ್ಮ ಮನೆಯ ಮದುವೆ ವಿಡಿಯೋ ಹಾಕಿಕೊಂಡು ಹೋಗಿ. ಪರಿಚಯದ ಮುಖದ ಬಣ್ಣ ನಿಮಗೆ ಗೊತ್ತಿರುತ್ತದೆ, ಅಂಗಡಿಯವರ ಗಿಳಿ-ಹೂವಿನ ವಿಡಿಯೋದಿಂದ ಏನೂ ತಿಳಿಯುವುದಿಲ್ಲ. ಮೊದಲು ಸ್ಟೋರ್ ಮೋಡ್ ತೆಗೆಸಿ ಹೋಮ್ ಮೋಡ್‌ಗೆ ಹಾಕಿಸಿ. ಎದುರಿಗೆ ನಿಂತು ಒಂದು ಮುಖ ನೋಡಿ. ಆ ಮುಖದ ಮೇಲಿಂದ ಕಣ್ಣು ತೆಗೆಯದೆ ನಿಧಾನಕ್ಕೆ ಬದಿಗೆ ನಡೆಯಿರಿ, ಹೊರಸಿನ ಕೋನ ಬರುವವರೆಗೆ. ಮೈಬಣ್ಣ ಸುಣ್ಣ ಬಳಿದ ಹಾಗೆ ಆಯಿತೋ, ಆ ಟಿವಿ ನಿಮ್ಮ ಅತ್ತೆಯವರಿಗಲ್ಲ. ಆಮೇಲೆ ಪೂರ್ತಿ ಕಪ್ಪು ಇರುವ ಒಂದು ಫೋಟೋ ಹಾಕಿಸಿ. ಮೂಲೆಗಳಲ್ಲಿ ಮೋಡದಂಥ ಬಿಳಿ ಮಚ್ಚೆ ಜಾಸ್ತಿ ಕಂಡರೆ ಬೇಡ ಅನ್ನಿ.

ಮುಂಬಾಗಿಲಿನ ಎದುರಿನ ಗೋಡೆಗೆ ಟಿವಿ ಹಾಕಬೇಡಿ. ಎಷ್ಟೇ ದುಬಾರಿ ಟಿವಿಯಾದರೂ ಓಣಿಯ ಬಿಸಿಲೇ ಅದರಲ್ಲಿ ಕಾಣುತ್ತದೆ. ಬಾಗಿಲಿನ ಪಕ್ಕದ ಉದ್ದನೆಯ ಗೋಡೆ ಸರಿ.

ಸ್ಮಾರ್ಟ್ ಭಾಗಕ್ಕೆ ತೀರಾ ತಲೆ ಕೆಡಿಸಿಕೊಳ್ಳಬೇಡಿ. 2 ಜಿಬಿ ರ್‍ಯಾಮ್ ಇದ್ದರೆ ಸಾಕು. ನಿಮಗೆ ಬೇಕಾದ ಆಪ್‌ಗಳು ತೆರೆಯುತ್ತವಾ ಅಂತ ಅಲ್ಲೇ ತೆರೆದು ನೋಡಿ. ಸ್ಮಾರ್ಟ್ ಭಾಗ ನಾಲ್ಕೈದು ವರ್ಷಕ್ಕೆ ನಿಧಾನ ಆಗುತ್ತದೆ, ಪ್ಯಾನೆಲ್ ಅದಕ್ಕಿಂತ ಜಾಸ್ತಿ ಬಾಳುತ್ತದೆ. ಆಗ ಆಪ್‌ಗಳನ್ನು ನಡೆಸುವ ಒಂದು ಸ್ಟ್ರೀಮಿಂಗ್ ಸ್ಟಿಕ್ ಚುಚ್ಚಿದರೆ ಟಿವಿ ಮತ್ತೆ ಓಡುತ್ತದೆ. ಎಚ್‌ಡಿಎಂಐ ಎಆರ್‌ಸಿ ಅಂತ ಬರೆದ ರಂಧ್ರ ಒಂದಿರಲಿ. ತೆಳು ಟಿವಿಯ ಸ್ಪೀಕರ್ ಕೆಳಮುಖವಾಗಿರುತ್ತವೆ, ಮಾತು ಮಸುಕಾಗುತ್ತದೆ. ಮುಂದೆ ಹಣ ಕೂಡಿದಾಗ ಸೌಂಡ್‌ಬಾರ್ ಜೋಡಿಸಲು ಅದು ಬೇಕು.

ಹೆಸರು ಕೇಳದ ಕಂಪನಿಯದು ಬೇಡ ಅಂದೆನಲ್ಲ, ಅದರ ಕಾರಣ ನನ್ನ ಟೇಬಲ್ ಮೇಲೆ ದಿನಾ ಕಾಣುತ್ತದೆ. ಎಲ್‌ಇಡಿ ಟಿವಿಯಲ್ಲಿ ನನ್ನ ಹತ್ತಿರ ಅತಿ ಹೆಚ್ಚು ಬರುವ ತೊಂದರೆ ಎಂದರೆ ಧ್ವನಿ ಬರುತ್ತದೆ, ಚಿತ್ರ ಇಲ್ಲ. ಕೋಣೆಯ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಪರದೆಗೆ ಒತ್ತಿ ಹಿಡಿದು ನೋಡುತ್ತೇನೆ. ಆ ಬೆಳಕಿನ ಸುತ್ತ ಮಸುಕಾಗಿ ಜನ ಓಡಾಡುವುದು ಕಾಣುತ್ತದೆ. ಚಿತ್ರ ಇದೆ, ಅದರ ಹಿಂದಿನ ದೀಪದ ಪಟ್ಟಿ ಸತ್ತಿದೆ ಅಂತ ಅರ್ಥ. ಗೊತ್ತಿರುವ ಕಂಪನಿಯಾದರೆ ಆ ಪಟ್ಟಿ ಸಿಗುತ್ತದೆ, ಹೊಸ ಟಿವಿಯ ಬೆಲೆಯ ಒಂದು ಸಣ್ಣ ಪಾಲಿನಲ್ಲಿ ಕೆಲಸ ಮುಗಿಯುತ್ತದೆ. ಹೆಸರಿಲ್ಲದ್ದಾದರೆ ಪಟ್ಟಿಯ ಅಳತೆಯೇ ಬೇರೆ. ನನ್ನ ತಂಗಿಯ ಮನೆಯ ಟಿವಿ ಹೀಗೇ ಹದಿನಾಲ್ಕನೇ ತಿಂಗಳಿಗೆ ನಿಂತಿತು. ಕಂಪನಿಯ ಫೋನ್ ನಂಬರ್ ಹತ್ತುತ್ತಿರಲಿಲ್ಲ. ಪಟ್ಟಿ ಹುಡುಕಿ ಹುಡುಕಿ ನಾನೇ ಸೋತೆ. ಆ ಬೇಸರ ಇನ್ನೂ ಹೋಗಿಲ್ಲ.

ಹಾಗಾಗಿ ಹಣ ಕೊಡುವ ಮೊದಲು ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ. ನಿಮ್ಮ ಪಿನ್‌ಕೋಡ್ ಹೇಳಿ, ಮನೆಗೆ ಬಂದು ರಿಪೇರಿ ಮಾಡುತ್ತೀರಾ ಅಂತ ಕೇಳಿ. ಹುಬ್ಬಳ್ಳಿಗೆ ತನ್ನಿ ಅಂದರೆ ಸುಮಾರು 60 ಕಿಲೋಮೀಟರ್ ದೂರ ಆ ಗಾಜನ್ನು ಹೊತ್ತು ತರಬೇಕಾದವರು ನೀವೇ.

ಬೆಲೆಯ ಬಗ್ಗೆ ಒಂದು ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಹಳೇ ತೆರಿಗೆ ಸೇರಿ 40,000 ಇದ್ದ ಟಿವಿ ಈಗ 36,875ಕ್ಕೆ ಬರಬೇಕು. 36,000 ಆಗುವುದಿಲ್ಲ, ಯಾಕೆಂದರೆ ತೆರಿಗೆ ಕೂಡುವುದು ಮೂಲ ಬೆಲೆಯ ಮೇಲೆ. ಇದನ್ನೇ ಅಂಗಡಿಯವರು ತಮ್ಮ ವಿಶೇಷ ರಿಯಾಯಿತಿ ಅಂತ ತೋರಿಸಿದರೆ ಒಪ್ಪಬೇಡಿ, ಅದು ಎಲ್ಲ ಅಂಗಡಿಯಲ್ಲೂ ಸಿಗಬೇಕಾದದ್ದು. ಬಡ್ಡಿ ಇಲ್ಲದ ಕಂತು ಅಂದಾಗ ಪ್ರೊಸೆಸಿಂಗ್ ಶುಲ್ಕ ಎಷ್ಟು ಅಂತ ಕೇಳಿ. ಜಿಎಸ್‌ಟಿ ಬಿಲ್ ತಗೊಳ್ಳಿ, ಅದರಲ್ಲಿ ಸೀರಿಯಲ್ ನಂಬರ್ ಬರೆಸಿ. ಮುಂದೆ ತಕರಾರಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಲು ಆ ಕಾಗದ ಬೇಕು.

ಮನೆಗೆ ತರುವಾಗ ಟಿವಿ ನಿಂತುಕೊಂಡೇ ಬರಬೇಕು. ಲಕ್ಷ್ಮೇಶ್ವರಕ್ಕೆ ಒಯ್ಯಲು ನಮ್ಮ ಸಂಬಂಧಿಕರು ಡಬ್ಬಿಯನ್ನು ಟಂಟಂ ಆಟೋದಲ್ಲಿ ಮಲಗಿಸಿದ್ದರು. ಮನೆಗೆ ತಲುಪುವಷ್ಟರಲ್ಲಿ ಪ್ಯಾನೆಲ್‌ನಲ್ಲಿ ಜೇಡರ ಬಲೆಯಂಥ ಬಿರುಕು. ಒಡೆದ ಪ್ಯಾನೆಲ್ ವಾರಂಟಿಯಲ್ಲಿ ಬರುವುದಿಲ್ಲ, ಬದಲಿಸಲು ಹೊಸ ಟಿವಿಯಷ್ಟೇ ಹಣ ಆಗುತ್ತದೆ. ಡಬ್ಬಿ ಬಿಚ್ಚುವುದನ್ನು ಮಗನಿಂದ ವಿಡಿಯೋ ಮಾಡಿಸಿ.

6 ಸಾವಿರದ ಎರಡನೇ ಪಾಲು ಕರೆಂಟಿಗೆ. ಹಳೇ ಮನೆಗಳಲ್ಲಿ ಸಾಕೆಟ್‌ನಲ್ಲಿ ಮೂರನೇ ರಂಧ್ರ ಇರುತ್ತದೆ, ಅದರ ಹಿಂದೆ ಅರ್ಥಿಂಗ್ ವೈರ್ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ, ಇಲ್ಲದಿದ್ದರೆ ಹಾಕಿಸಿ. ಅದಾದ ಮೇಲೆ, ಕರೆಂಟ್ ಒಮ್ಮೆಲೇ ಏರಿದಾಗ ಟಿವಿ ಕಾಯಲು ಒಂದು ಒಳ್ಳೆ ಸ್ಪೈಕ್ ಗಾರ್ಡ್. ಅರ್ಥಿಂಗ್ ಇಲ್ಲದೆ ಸ್ಪೈಕ್ ಗಾರ್ಡ್ ಪೂರ್ತಿ ಕೆಲಸ ಮಾಡುವುದಿಲ್ಲ. ಸ್ಟೆಬಿಲೈಜರ್ ಸಾಮಾನ್ಯವಾಗಿ ಬೇಕಾಗಿಲ್ಲ. ಈಗಿನ ಹೆಚ್ಚಿನ ಟಿವಿಗಳು 100ರಿಂದ 240 ವೋಲ್ಟ್‌ವರೆಗೆ ತಾವೇ ಸಂಭಾಳಿಸುತ್ತವೆ. ನಿಮ್ಮ ಟಿವಿಯ ಹಿಂದಿನ ಚೀಟಿಯಲ್ಲಿ ಅದು ಬರೆದಿರುತ್ತದೆ, ನೋಡಿಕೊಳ್ಳಿ. ಖರ್ಚಾಗುವ ಕರೆಂಟ್ ದೊಡ್ಡದಲ್ಲ. 120 ವ್ಯಾಟ್ ಎಳೆಯುವ 55 ಇಂಚಿನ ಟಿವಿ ದಿನಕ್ಕೆ ಐದು ತಾಸು ನಡೆದರೆ ತಿಂಗಳಿಗೆ 18 ಯೂನಿಟ್. ಗೃಹಜ್ಯೋತಿಯಲ್ಲಿ ನಿಮ್ಮ ಮಿತಿಯ ಅಂಚಿನಲ್ಲಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಮೇ ತಿಂಗಳ ಅಡ್ಡಮಳೆಯ ಸಿಡಿಲಿಗೆ ಮಾತ್ರ ಯಾವ ಗಾರ್ಡೂ ಸಾಲದು. ನನ್ನ ಮನೆಯಲ್ಲೇ ಒಮ್ಮೆ ಗುಡುಗು ಶುರುವಾದಾಗ ಪ್ಲಗ್ ಕಿತ್ತಿದ್ದೆ, ಕೇಬಲ್ ವೈರ್ ಹಾಗೇ ಬಿಟ್ಟಿದ್ದೆ. ಸಿಡಿಲು ಆ ವೈರ್ ಹಿಡಿದು ಬಂತು. ಬಾಕ್ಸ್ ಸುಟ್ಟಿತು, ಅಲ್ಲಿಂದ ಎಚ್‌ಡಿಎಂಐ ದಾರಿಯಲ್ಲಿ ಟಿವಿಯ ಬೋರ್ಡಿಗೂ ಹೋಯಿತು. ಮೋಡ ಕಟ್ಟಿದ ಕೂಡಲೇ, ಗುಡುಗು ಹತ್ತಿರ ಬರುವ ಮೊದಲೇ ಪ್ಲಗ್, ಕೇಬಲ್ ವೈರ್, ಲ್ಯಾನ್ ವೈರ್ ಮೂರನ್ನೂ ಕೀಳಿ. ಅತ್ತೆಯವರಿಗೂ ತೋರಿಸಿಕೊಡಿ, ನೀವು ಶಾಲೆಯಲ್ಲಿರುವಾಗ ಮಳೆ ಬಂದರೆ ಮನೆಯಲ್ಲಿ ಇರುವವರು ಅವರೇ.

ಟಿವಿ ಹಾಕಿದ ದಿನವೇ ಪಿಕ್ಚರ್ ಮೋಡ್ ಅನ್ನು ವಿವಿಡ್‌ನಿಂದ ತೆಗೆದು ಸಿನಿಮಾ ಅಥವಾ ಸ್ಟ್ಯಾಂಡರ್ಡ್‌ಗೆ ತನ್ನಿ. ಬ್ಯಾಕ್‌ಲೈಟ್ ನೂರರಲ್ಲಿರುತ್ತದೆ, ರಾತ್ರಿ ಅರವತ್ತು ಸಾಕು. ಆಪರೇಷನ್ ಆದ ಕಣ್ಣಿಗೆ ಕೊರೆಯುವುದಿಲ್ಲ, ಹಿಂದಿನ ದೀಪದ ಪಟ್ಟಿಯೂ ಜಾಸ್ತಿ ಬಾಳುತ್ತದೆ. ಶಾರ್ಪ್‌ನೆಸ್ ಇಳಿಸಿ. ಓಡುವ ಚಿತ್ರವನ್ನು ನುಣುಪಾಗಿ ತೋರಿಸುವ ಮೋಷನ್ ಸ್ಮೂದಿಂಗ್ ಅನ್ನುವುದನ್ನು ಸಿನಿಮಾಕ್ಕೆ ಆರಿಸಿ, ಕ್ರಿಕೆಟ್‌ಗೆ ಮಗ ಬೇಕೆಂದರೆ ಹಚ್ಚಿಕೊಳ್ಳಲಿ.

ಕೊನೆಗೆ ಗೋಡೆ. ನಿಮ್ಮದು ಕಲ್ಲು-ಮಣ್ಣಿನ ಗೋಡೆ ಇದ್ದರೆ ಟಿವಿ ಕೂರಿಸಲು ಬರುವ ಹುಡುಗನಿಗೆ ಮೊದಲೇ ಹೇಳಿ. ಸ್ಕ್ರೂ ಹಿಡಿಯಲು ಇಟ್ಟಿಗೆ ಗೋಡೆಗೆ ಹಾಕುವ ಸಣ್ಣ ಪ್ಲಾಸ್ಟಿಕ್ ಬೆಣೆ ಅದರಲ್ಲಿ ನಿಲ್ಲುವುದಿಲ್ಲ. ಮಣ್ಣು ಉದುರುತ್ತಾ ಹೋದರೆ ಗೋಡೆಗೆ ಹಾಕಿಸಲೇಬೇಡಿ, ಟಿವಿಯ ಜೊತೆ ಬರುವ ಕಾಲುಗಳ ಮೇಲೆ ಗಟ್ಟಿ ಮೇಜಿನಲ್ಲಿ ಇಡಿ. ದೇವರ ಫೋಟೋಗಳ ಸಾಲಿಗೆ ಏರಿಸುವವರು ಬಹಳ ಇದ್ದಾರೆ, ಕುತ್ತಿಗೆ ನೋಯುತ್ತದೆ. ಟಿವಿಯ ಕೆಳ ಅಂಚು ನೆಲದಿಂದ 28, 30 ಇಂಚು ಮೇಲಿದ್ದರೆ ಸೋಫಾದವರಿಗೂ, ಜಮಖಾನದ ಮೇಲೆ ಕೂತ ಮಗನಿಗೂ ಸರಿಹೋಗುತ್ತದೆ. ರಂಧ್ರ ಕೊರೆಯುವ ಮುಂಚೆ ಆ ಪೇಪರ್ ಚೌಕಟ್ಟನ್ನು ಅಷ್ಟೇ ಎತ್ತರಕ್ಕೆ ಹಚ್ಚಿ, ಅತ್ತೆಯವರನ್ನು ಹೊರಸಿನ ಮೇಲೆ ಕೂರಿಸಿ ಕೇಳಿ. ಅವರು ಇನ್ನಷ್ಟು ಕೆಳಗೆ ಅಂದರೆ ಕೆಳಗೇ ಹಾಕಿಸಿ.